ಬಿದ್ದ ಬೆನ್ನಿಗೆ ಇಟ್ಟ ಕಾಲು

"ಅಯ್ಯೋ ಸತ್ತೆ! ಕಾಲು ತೆಗೀರಿ...!"

ಪಂಪಮ್ಮ ಬೆಚ್ಚಿ ಹಿಂದೆ ಸರಿದಳು.

ಅವಳು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಮೂರು ಸಲ ಕಾಲಿಂದ ಒತ್ತಿದರೆ ಹಿಡಿದ ಬೆನ್ನು ಬಿಡುತ್ತದೆ ಅಂತ ಮಸ್ಕಿಯವರೆಲ್ಲ ನಂಬಿದ್ದರು. ಅವಳಿಗೂ ಅದರ ಡೌಲು ತುಸು ಹೆಚ್ಚೇ ಇತ್ತು ಅನ್ನಿ!

ಆದರೆ ಬಳಗಾನೂರಿನ ಈ ಜಂಬಣ್ಣ, ನಿಜಾಮ್ ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ಜೋಳ ಹೇರಿಕೊಂಡು ಲಿಂಗಸೂರಿಗೆ ಹೊರಟಾಗ ಬಂಡಿಯಿಂದ ಬಿದ್ದವನು. "ಬೆನ್ನು ಹಿಡದೈತ್ರಿ" ಅಂದಿದ್ದ, ಅಷ್ಟೇ. ಎಲುಬು ಕೂಡಿಸುವ ಅಪ್ಪ ಕರಿಬಸಯ್ಯ ಮನೆಯಲ್ಲಿರಲಿಲ್ಲ. ಹೇಗಾಯಿತು ಎಂದೂ ಕೇಳದೆ ಪಂಪಮ್ಮ ಕಾಲಿಟ್ಟುಬಿಟ್ಟಿದ್ದಳು.

"ಎಡಗಾಲು... ಎಡಗಾಲು ತಿಳಿಯವಲ್ದು!" ಜಂಬಣ್ಣ ನರಳಿದ.

ಸಂಜೆ ಬಂದ ಕರಿಬಸಯ್ಯ ಅವನ ಬೆನ್ನ ಮೇಲೆ ಬೆರಳಾಡಿಸಿದ. ಮುಖ ಕಪ್ಪಿಟ್ಟಿತು.

"ಬಿದ್ದ ಬೆನ್ನಿಗೆ ಕಾಲಿಡತಾರೇನಬೇ? ಮೊದ್ಲ ಬೆರಳನ್ನ ಕೇಳಬೇಕು!"

"ಅವರು ನಡೀತಾರೇನಪ್ಪಾ?"

"ಬೆನ್ನಿನ ಮಣಿ ಸರಿದಿತ್ತು, ಕೂಡಿಸೀನಿ. ನಲವತ್ತು ದಿನ ಇಲ್ಲೇ ಹಲಗಿ ಮ್ಯಾಲ ಮಲಗ್ಲಿ. ಮುಂದ ಶಿವ ಇದ್ದಾನ."

ಅಂದಿನಿಂದ ಪಂಪಮ್ಮನಿಗೆ ಅದೊಂದೇ ಕೊರಗು. ದುಡಿದು ತಿನ್ನುವ ಗಂಡಸಿನ ಕಾಲು ಕಿತ್ತುಕೊಂಡೆನಲ್ಲ...!

"ಅಪ್ಪಾ, ನನಗೂ ವಿದ್ಯೆ ಕಲಸು."

ಕರಿಬಸಯ್ಯ ಮಣ್ಣಿನ ಮಗಿಯೊಂದನ್ನು ಒಡೆದು ಚೂರುಗಳನ್ನು ಚೀಲಕ್ಕೆ ಹಾಕಿದ. "ಕೈ ಅಷ್ಟೇ ಒಳಗ. ಕಣ್ಣಿಲೆ ನೋಡದ, ಬೆರಳಿಲೆ ಕೂಡಸು."

ಬೆರಳು ಕೊಯ್ದವು, ರಕ್ತ ಬಂತು. ಅವಳು ಬಿಡಲಿಲ್ಲ. ಇಪ್ಪತ್ತಾರನೇ ದಿನ ಚೀಲದೊಳಗೇ ಮಗಿಯ ಬಾಯಿ ದುಂಡಗೆ ಕೂಡಿತು!

ಆದರೆ ಜಂಬಣ್ಣ? ಅಂಬಲಿ ತಂದರೆ ಗೋಡೆ ಕಡೆ ಹೊರಳುತ್ತಿದ್ದ.

"ಕಾಲು ಹ್ಯಾಂಗೈತ್ರಿ?"

"ಹಂಗ ಐತಿ."

ಮುಖವನ್ನೂ ನೋಡಲೊಲ್ಲ... ಮನಸ್ಸಲ್ಲಿ ಎಷ್ಟು ಶಾಪ ಹಾಕುತ್ತಿದ್ದಾನೋ! ಬೈಗುಳಕ್ಕಿಂತ ಅವನು ಹೀಗೆ ಮುಖ ತಿರುಗಿಸುವುದೇ ಅವಳಿಗೆ ಹೆಚ್ಚು ನೋಯುತ್ತಿತ್ತು. ಯಾಕೆ ಇಷ್ಟು ನೋಯುತ್ತದೆ ಎಂದು ಕೇಳಿಕೊಳ್ಳಲೂ ಅವಳು ಹೆದರಿದಳು.

ನಲವತ್ತನೇ ದಿನ ಅಪ್ಪ ಹೇಳಿದ: "ಇವತ್ತು ನೀನ ನೋಡಿ ಹೇಳು." ಎಣ್ಣೆ ಕಾಯಿಸಲು ಅಂಗಳಕ್ಕೆ ಹೋದ.

ಪಂಪಮ್ಮ ಹಲಗೆಯ ಪಕ್ಕ ಕುಳಿತಳು. ಕಣ್ಣು ಮುಚ್ಚಿ ಬೆರಳಿಟ್ಟಳು. ಮಣಿಗಳು ಸಾಲಾಗಿದ್ದವು. ಸೊಂಟ ಎರಡೂ ಕಡೆ ಸಮ. ಎಡಗಾಲಿನ ಮೀನಖಂಡ ಒತ್ತಿದಳು... ಮತ್ತೆ ಒತ್ತಿದಳು. ಬಲಗಾಲಿನಷ್ಟೇ ಗಟ್ಟಿ! ನಲವತ್ತು ದಿನ ಮಲಗಿದವನ ಕಾಲೇ ಅಲ್ಲ ಇದು!

"ನೀವು... ನಡೆಯಾಕತ್ತೀರಿ!"

ಜಂಬಣ್ಣ ಮೆಲ್ಲಗೆ ಅಂದ: "ಹದಿನೈದು ದಿನಾತು. ನೀವು ನೀರಿಗೆ ಹೋದಾಗ..."

"ನಾ ಇಲ್ಲಿ ದಿನಾ ಸಾಯಾಕತ್ತಿದ್ದೆನ್ರೀ! ಯಾಕ ಹಿಂಗ ಮಾಡಿದ್ರಿ?" ಅವಳ ಕಣ್ಣಿಂದ ನೀರು ಧಾರೆಯಾಗಿ ಸುರಿಯಿತು.

"ನಡದ್ರ ಊರಿಗೆ ಕಳಸ್ತಾರಲ್ಲ... ಹೋಗಾಕ ಮನಸಾಗಲಿಲ್ಲ. ನಿನ್ನ ಮುಖ ನೋಡಿ ಸುಳ್ಳು ಹೇಳಾಕ ಬರಲಿಲ್ಲ, ಅದಕ್ಕ ಹೊರಳತಿದ್ದೆ. ತಪ್ಪಾತು, ಪಂಪಾ. ನಿನ್ನ ಬಿಟ್ಟಿರಾಕ ನನಗ ಆಗಂಗಿಲ್ಲ."

ಅವನಿಗೆ ಎರಡು ಬಾರಿಸಬೇಕೆನಿಸಿತು ಅವಳಿಗೆ. ಅದೇ ಹೊತ್ತಿಗೆ, ನಡೆಯುತ್ತಾನಲ್ಲ ಎಂದು ಎದೆ ಹಗುರಾಗಿ ನಗು ಬಂದುಬಿಟ್ಟಿತು.

ಅಂಗಳದಿಂದ ಅಪ್ಪ ಕೂಗಿದ: "ಬೆರಳು ಏನಂತಾವಬೇ?"

"ಎಲುಬು ಖರೇ ಐತಪ್ಪಾ, ಮನಷ್ಯಾನ ಸುಳ್ಳ!" ಎಂದವಳು ಅವನತ್ತ ತಿರುಗಿದಳು. "ಏಳ್ರಿ. ನಡಕೊಂತ ಹೋಗಿ, ನನ್ನ ಕೊಡಂತ ಅಪ್ಪನ್ನ ಕೇಳ್ರಿ."

"ಬೈದ್ರ?"

"ಬೈತಾನ. ಬೈಸ್ಕೊಂಡು ನಿಲ್ರಿ."

"ನಾ ಒಬ್ಬನ ಹೋಗ್ಲೇನು?"

ಪಂಪಮ್ಮ ಕಣ್ಣೊರೆಸಿಕೊಂಡು ಕೈ ಚಾಚಿದಳು.

"ಹಿಡೀರಿ."