ಬೆನ್ನು ತಿರುಗಿಸಿ ನಿಂತವನು

"ಬಾಯಿ ತೆಗೀರಿ. ನಾಲಿಗೆ ಎತ್ತಿ."

ಜೈಲಿನ ಮಾನಸಿಕ ಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್ ದಿನಾ ಬೆಳಗ್ಗೆ ಈ ಮಾತನ್ನು ನಲವತ್ತು ಸಲ ಹೇಳುತ್ತಿದ್ದಳು. ಕೈದಿಗಳು ಮಾತ್ರೆ ನುಂಗಿದ್ದನ್ನು ಗಾರ್ಡ್ ಕೂಡ ನೋಡಬೇಕೆಂಬುದು ನಿಯಮ. ಆದರೆ ಈ ಗಾರ್ಡ್ ಮಹಾಶಯ ಮೂರು ತಿಂಗಳಿಂದ ಸಾಲಿಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದ. ಆ ಬೆನ್ನು ಅವಳಿಗೆ ಬಾಯಿಪಾಠವಾಗಿತ್ತು: ಇಸ್ತ್ರಿಯ ಎರಡು ಗೆರೆ, ಬಿಸಿಲಿಗೆ ಕಂದಿದ ಕುತ್ತಿಗೆ, ಅವಳು ನಕ್ಕರೆ ಕೆಂಪಾಗುವ ಕಿವಿ.

ಒಂದು ದಿನ ಸಾಲಿನಲ್ಲಿದ್ದ ಮುದಿ ದರ್ಜಿಯ ನಾಲಿಗೆಯ ಕೆಳಗೆ ಮಾತ್ರೆ ಸಿಕ್ಕಿಬಿತ್ತು. ದಿಂಬಿನೊಳಗೆ ಇನ್ನೂ ಹನ್ನೊಂದು ಇವೆಯೆಂದು ಅವನೇ ಒಪ್ಪಿಕೊಂಡ.

"ಯಾಕಜ್ಜ?"

"ಹುಷಾರಾದ್ರೆ ವಾಪಸ್ ಬ್ಯಾರಕ್ಕಿಗೆ ಹಾಕ್ತೀರಿ. ಅಲ್ಲಿ ನನ್ನ ಮಾತಾಡ್ಸೋರು ಯಾರವ್ವ?"

ಅವಳ ಸಿಟ್ಟೆಲ್ಲ ಆ ಬೆನ್ನಿನ ಕಡೆ ಹರಿಯಿತು. "ಸಾರ್, ಈ ಕಡೆ ತಿರುಗಿ! ಇವರನ್ನ ಕಂಡ್ರೆ ನಿಮಗೆ ಅಷ್ಟು ಅಸಹ್ಯನಾ? ರಿಪೋರ್ಟ್ ಬರೀತೀನಿ."

ಗಾರ್ಡ್ ತಿರುಗಿದ.

"ಅವರನ್ನ ಬೈಬೇಡಿ," ಎಂದ ದರ್ಜಿ. "ಎಲ್ರೆದುರು ಬಾಯಿ ಬಿಟ್ಕೊಂಡು ನಿಲ್ಲೋಕೆ ನಾಚಿಕೆ ಅಂತ ನಾನೇ ಅಂದಿದ್ದೆ. ಅವತ್ತಿಂದ ಹೀಗೆ ನಿಲ್ತಾರೆ. ನೀವಾದ್ರೂ ಎಲ್ಲಿ ನೋಡ್ತಿದ್ರಿ ತಾಯಿ? ಹನ್ನೊಂದು ದಿನವೂ ನಿಮ್ಮ ಕಣ್ಣು ಆ ಬೆನ್ನ ಮೇಲೇ ಇತ್ತು!"

ಸಾಲಿಗೆ ಸಾಲೇ ನಕ್ಕಿತು. ಈ ಸಲ ಕೆಂಪಾದದ್ದು ಅವಳ ಕಿವಿ.

ರಿಪೋರ್ಟಿನಲ್ಲಿ ಅವಳು ಮೊದಲು ತನ್ನ ತಪ್ಪನ್ನೇ ಬರೆದಳು. ಅದರ ಕೆಳಗೆ ಗಾರ್ಡ್ ತನ್ನದನ್ನು ಬರೆದ. ಇಬ್ಬರಲ್ಲಿ ಒಬ್ಬರನ್ನು ಬೇರೆ ಕಡೆ ಹಾಕುತ್ತಾರೇನೋ ಎಂಬ ಭಯದಲ್ಲಿ ಎರಡು ದಿನ ಇಬ್ಬರಿಗೂ ಊಟ ಸೇರಲಿಲ್ಲ. ಕೊನೆಗೆ ಬಂದದ್ದು ಎರಡು ಎಚ್ಚರಿಕೆ ಪತ್ರ, ಜೊತೆಗೆ ರಿಪೋರ್ಟಿನಲ್ಲಿ ಅವಳು ಕೇಳಿದ್ದ ಎರಡು ಅನುಮತಿ: ಬ್ಯಾರಕ್ಕಿಗೆ ಹೋದ ಮೇಲೂ ದರ್ಜಿ ವಾರಕ್ಕೊಮ್ಮೆ ಅವಳೊಡನೆ ಮಾತಿಗೆ ಬರಬಹುದು, ಔಷಧಿ ಕೊಡುವ ಜಾಗಕ್ಕೊಂದು ಪರದೆ.

ಪರದೆಯನ್ನು ದರ್ಜಿಯೇ ಹೊಲಿದ. ಒಬ್ಬೊಬ್ಬರಾಗಿ ಒಳಗೆ ಬಂದರು, ಮಾತ್ರೆ ನುಂಗಿದರು, ಹೋದರು. ಗಾರ್ಡ್ ಈಗ ಎದುರಿಗೇ ನಿಂತಿದ್ದ.

ಸಾಲು ಮುಗಿಯಿತು. ಅವನು ಮಾತ್ರ ಕದಲಲಿಲ್ಲ.

"ಬಾಯಿ ತೆಗೀರಿ," ಎಂದಳು. "ಮೂರು ತಿಂಗಳಿಂದ ಏನೋ ಬಚ್ಚಿಟ್ಕೊಂಡಿದ್ದೀರಿ."

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ ಅವನೆಂದ, "ತಿರುಗಿ ನಿಂತದ್ದು ಅಜ್ಜನಿಗಾಗಿ ಮಾತ್ರ ಅಲ್ಲ. ಈ ಕಡೆ ತಿರುಗಿ ನಿಂತಿದ್ರೆ ನಾನು ನಿಮ್ಮನ್ನ ಬಿಟ್ಟು ಇನ್ಯಾರನ್ನೂ ನೋಡ್ತಿರಲಿಲ್ಲ."

ಅವಳು ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. ಬೆರಳು ಬೆರಳಿಗೆ ತಾಗಿತು. ಇಬ್ಬರೂ ಕೈ ಹಿಂದೆಗೆಯಲಿಲ್ಲ.

ಪರದೆಯಾಚೆಯಿಂದ ದರ್ಜಿ ಕೂಗಿದ: "ನನಗೇನೂ ಕೇಳಿಸ್ಲಿಲ್ಲ! ಸ್ವಲ್ಪ ಗಟ್ಟಿಯಾಗಿ ಹೇಳಿ!"