ಮುಂದಿನ ಸಾಲು

ಗುರುಪ್ರಸಾದ ವೇದಿಕೆಯ ಮೇಲಿಂದ ಜೋರಾಗಿ ಕೈಬೀಸಿದ. ಏಳಿ... ಹಿಂದಕ್ಕೆ ಹೋಗಿ ಎಂಬ ಸನ್ನೆ!

ಪಂಚಶೀಲಾ ಹಿಂದೆ ತಿರುಗಿ ನೋಡಿದಳು. ನಮಗೇನಾ? ಹಿಂದಕ್ಕಾ?

ಅಂದು ಸ್ವಾತಂತ್ರ್ಯ ದಿನ. ಕಮಲಾಪುರದ ಯೋಗ ಶಾಖೆಯ ಶಿಕ್ಷಕಿ ಪಂಚಶೀಲಾ ತನ್ನ ಹೆಂಗಸರನ್ನು ಮೊದಲ ಬಸ್ಸಿಗೇ ಹತ್ತಿಸಿಕೊಂಡು ಕಲಬುರಗಿಯ ಮುಖ್ಯ ಯೋಗಶಾಲೆಗೆ ಬಂದಿದ್ದಳು. ಎಲ್ಲರೂ ಬಾಳೆತೋಟದಲ್ಲಿ ಕೂಲಿ ಮಾಡುವವರು. ಕೇಸರಿ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಹಿಂದೆ ಬಿಳಿ ಶಾಲಿನವರು, ಕೊನೆಗೆ ಹಸಿರು ಶಾಲು ಹೊದ್ದ ನಗರದವರು. ಮೂರೂ ಸಾಲು ಸೇರಿದರೆ ಒಂದು ತ್ರಿವರ್ಣ ಧ್ವಜ!

'ಈ ಸಲ ಮುಂದಿನ ಸಾಲು ನಮ್ದೇ' ಎಂದು ಅವಳು ಮಾತು ಕೊಟ್ಟಿದ್ದಳು. ಶಾಲೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಹೋದಲ್ಲೆಲ್ಲ 'ನೀವು ಹಿಂದ ಕೂಡ್ರಿ' ಎಂದು ಕೇಳುತ್ತಲೇ ಬೆಳೆದ ಜನ ಅವರು. ಅವಳೂ ಅವರಲ್ಲೊಬ್ಬಳು.

ಈಗ ಗುರುಪ್ರಸಾದನೂ ಅದನ್ನೇ...! ಈ ಯೋಗಶಾಲೆಯಿಂದ ಪ್ರತಿ ಭಾನುವಾರ ಕಮಲಾಪುರಕ್ಕೆ ಪಾಠ ಹೇಳಲು ಬಂದು, ಅವಳ ಕೈಯ ಚಹಾ ಕುಡಿದು, ಬಸ್ಸು ತಪ್ಪಿದರೂ ಮಾತು ಮುಗಿಸದ ಗುರುಪ್ರಸಾದ! ಇಂಥವನ ಮೇಲೆ ಮನಸ್ಸಿಟ್ಟೆನಲ್ಲ, ನನಗೆ ಬುದ್ಧಿಯಿಲ್ಲ!

ಯಾಕೆಂದು ಕೇಳೋಣವೆಂದರೆ ಬಾಯಿ ತೆರೆಯುವಂತಿಲ್ಲ. ಧ್ವಜ ಏರುವ ತನಕ ಎಲ್ಲರೂ ಮೌನದಲ್ಲಿರಬೇಕು. ಯೋಗಶಾಲೆಯ ಹಿರಿಯ ಗುರು ಅಣವೀರಪ್ಪನವರ ನಿಯಮ ಅದು. ಸ್ವಾತಂತ್ರ್ಯ ದಿನವೇ ಬಾಯಿಗೆ ಬೀಗ!

ಅವಳು 'ಯಾಕೆ?' ಎಂದು ಸನ್ನೆ ಮಾಡಿದಳು. ಅವನು ಧ್ವಜಸ್ತಂಭ ತೋರಿಸಿದ, ಸಾಲು ತೋರಿಸಿದ, ಅಂಗೈಯನ್ನು ಮೇಲೆ ಕೆಳಗೆ ಮಗುಚಿದ. ಅಯ್ಯೋ ಮಹರಾಯ, ಇದು ಯಾರಿಗಾದರೂ ಅರ್ಥವಾಗುವ ಸನ್ನೆಯೇ?

ಗುಂಪಿನ ಹಿರಿಯಳು ಭೀಮಬಾಯಿ ಆಗಲೇ ಎದ್ದು ನಿಂತಿದ್ದಳು. ಪಂಚಶೀಲಾಳ ಮುಖವನ್ನೊಮ್ಮೆ ನೋಡಿದಳು, ಅಷ್ಟೇ. ಇಂಥದ್ದೆಲ್ಲ ರೂಢಿಯಾದವಳ ನೋಟ ಅದು.

ಪಂಚಶೀಲಾಗೆ ತಡೆಯಲಾಗಲಿಲ್ಲ. ಶಾಲು ಕಿತ್ತು ಚಾಪೆಯ ಮೇಲೆ ಎಸೆದಳು. ಉಳಿದವರೂ ತಮ್ಮ ಶಾಲು ಅಲ್ಲೇ ಬಿಟ್ಟು ಅವಳ ಹಿಂದೆ ಗೇಟಿನತ್ತ ಹೊರಟರು.

"ಪಂಚಶೀಲಾ! ನಿಲ್ರಿ!"

ಅಂಗಳವೆಲ್ಲ ಬೆಚ್ಚಿತು. ಮೌನ ಮುರಿದವನು ಗುರುಪ್ರಸಾದನೇ!

"ಯಾಕ ನಿಲ್ಲಬೇಕ್ರಿ? ಹಿಂದ ಕೂಡಾಕ ಕಮಲಾಪುರದಿಂದ ಬರಬೇಕಾಗಿತ್ತೇನು? ಅದು ನಮ್ಮ ಊರಾಗೂ ಸಿಗ್ತದ!"

"ಹಂಗಲ್ರೀ... ಒಮ್ಮೆ ಮ್ಯಾಲ ಬಂದು ನೋಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ!"

ಅವಳು ದುಮುಗುಡುತ್ತ ವೇದಿಕೆ ಹತ್ತಿ ತಿರುಗಿ ನೋಡಿದಳು. ಚಾಪೆಗಳ ಮೇಲಿನ ಕೇಸರಿ ಕೆಳಗೆ, ಹಸಿರು ಮೇಲೆ. ಧ್ವಜ ತಲೆಕೆಳಗು!

ಕೇಸರಿ ಮೊದಲು ಬರಬೇಕೆಂದು ಅದನ್ನು ಮುಂದಿನ ಸಾಲಿಗೆ ಕೊಟ್ಟವಳು ಅವಳೇ. ವೇದಿಕೆಯಿಂದ ನೋಡುವವರಿಗೆ ಮುಂದಿನದೇ ಕೆಳಗಾಗುತ್ತದೆಂದು ಹೊಳೆದಿರಲಿಲ್ಲ.

"ಅತಿಥಿಗಳು ಬರೋದ್ರಾಗ ಸರಿ ಮಾಡಬೇಕಂತ ಗಡಿಬಿಡಿ ಆತು. ಇಲ್ಲಾಂದ್ರ ನಿಮ್ಮ ಮ್ಯಾಲೇ ಮಾತು ಬರ್ತಿತ್ತು..."

ಒಂದು ಗಳಿಗೆ ಅವಳಿಗೆ ನಾಚಿಕೆಯಾಯಿತು. ಮರುಗಳಿಗೆ ಸಿಟ್ಟು ಇಮ್ಮಡಿಯಾಗಿ ಕಣ್ಣಲ್ಲಿ ನೀರೇ ಬಂತು.

"ಅಲ್ರೀ, ಶಾಲು ಬದಲಿ ಮಾಡಿದ್ರ ಆಗ್ತಿತ್ತಲ್ಲ! ಅವರ ಹಸರು ನಮಗ, ನಮ್ಮ ಕೇಸರಿ ಅವರಿಗಿ. ಬಟ್ಟಿ ಬಿಟ್ಟು ಮಂದಿನ ಯಾಕ ಎಬ್ಬಿಸಿದ್ರಿ?"

ಗುರುಪ್ರಸಾದ ಸಾಲುಗಳತ್ತ ತಿರುಗಿ ನೋಡಿದ. ಇಷ್ಟು ಸುಲಭದ ಮಾತು ತನಗೇಕೆ ಹೊಳೆಯಲಿಲ್ಲ? ಎಬ್ಬಿಸಬೇಕೆಂದಾಗ ಇವರೇ ಏಕೆ ಕಣ್ಣಿಗೆ ಬಿದ್ದರು? ಅವನ ಮುಖ ಸಣ್ಣಗಾಯಿತು.

ಕೆಳಗಿಳಿದು ಹೋಗಿ ಭೀಮಬಾಯಿಗೆ ಕೈಮುಗಿದ. "ತಪ್ಪಾತು ಯವ್ವಾ. ಮುಂದೇ ಕೂಡ್ರಿ."

"ನಾವೇನೋ ಕೂಡ್ತೀವಪ್ಪ. ಆ ಹುಡುಗಿಗಿ ಯಾಕ ಅಳಸ್ತಿ?"

ಅಣವೀರಪ್ಪನವರಿಗೂ ಸುಮ್ಮನಿರಲಾಗಲಿಲ್ಲ. "ನೋಡ್ಕೋತ ನಿಂತೀರಲ್ಲ, ಶಾಲು ಬದಲಿ ಮಾಡ್ರಿ!"

ಧ್ವಜ ಏರಿತು. ಹಸಿರು ಶಾಲಿನಲ್ಲಿ ಕಮಲಾಪುರದ ಹೆಂಗಸರು ಮುಂದಿನ ಸಾಲಿನಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತರು. ಗುರುಪ್ರಸಾದ ಕೇಸರಿ ಹೊದ್ದು ಕೊನೆಯ ಸಾಲಿನಲ್ಲಿ ಕೂತ.

ಎಲ್ಲ ಮುಗಿದ ಮೇಲೆ ಅವನು ಹತ್ತಿರ ಬಂದ.

"ಇನ್ನೂ ಸಿಟ್ಟು ಅದ ಏನ್ರಿ?"

"ಭಾಳ ಅದ! ಬ್ಯಾರೆ ಯಾರರೆ ಮಾಡಿದ್ರ ಇಷ್ಟು ಉರೀತಿರಲಿಲ್ಲ. ನೀವು ಮಾಡಿದ್ರಲ್ಲ..."

ಹೇಳಿಯಾದ ಮೇಲೆ ಅವಳು ತುಟಿ ಕಚ್ಚಿಕೊಂಡಳು.

"ಪಂಚಶೀಲಾ, ನಂಗ ನೀವಂದ್ರ ಜೀವ. ಅವ್ವಗ ಹೇಳಿ ತಿಂಗಳಾತು. ಮನಿಗಿ ಯಾವಾಗ ಕರಕೊಂಡು ಬರ್ತಿ ಅಂತ ದಿನಾ ಬೈತಾಳ. ನಿಮಗ ಹೇಳೋದೊಂದೇ ಉಳದಿತ್ತು!"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ಬರ್ತೀನಿ. ಆದ್ರ ಹಿಂದಿನ ಬಾಗಿಲದಿಂದ ಬರೋದಿಲ್ಲ, ಹೇಳಿರ್ತೀನಿ."

"ನಮ್ಮ ಮನಿಗಿ ಇರೋದು ಒಂದೇ ಬಾಗಿಲರಿ. ಅವ್ವ ಅದರಾಗೇ ಕುಂತು ನಿಮ್ಮ ದಾರಿ ನೋಡಾಕತ್ತಾಳ."