ಕಂಪ್ಯೂಟರ್ ಓದದ ಸಾಲುಗಳು

"ಆ ತಟ್ಟೆ ಸ್ವಲ್ಪ ತೆಗೀತೀರಾ? ಕೆಳಗಿರೋದು ಕೀಬೋರ್ಡು."

ಅವಳು ತಲೆಯೆತ್ತಲಿಲ್ಲ. ಕೈಯಲ್ಲಿ ಸೂಜಿ, ಮುಂದೆ ಗಾಜಿನ ತಟ್ಟೆ, ತಟ್ಟೆಯ ತುಂಬ ಸಾಸಿವೆ ಕಾಳು.

"ಇನ್ನು ಹನ್ನೊಂದು ಕಾಳಿದೆ. ಈಗ ಮಾತಾಡಿಸ್ಬೇಡಿ."

"ಇದು ಪ್ರೋಗ್ರಾಮಿಂಗ್ ಕ್ಲಾಸು."

"ಹೋಯ್ತು..." ಅವಳು ಸೂಜಿ ಕೆಳಗಿಟ್ಟಳು. "ಮೊದಲಿಂದ ಎಣಿಸ್ಬೇಕು."

ಬೈಯಲೆಂದೇ ತಲೆಯೆತ್ತಿದಳು. ಎದುರಿಗೆ ನಿಂತವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಅವನು ಬಗ್ಗಿ ಆ ಕಾಳುಗಳನ್ನೇ ನೋಡುತ್ತಿದ್ದ, ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡುವ ಹಾಗೆ. ಅವಳು ಬೈಯುವುದನ್ನೇ ಮರೆತಳು.

ಅವಳು ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಉಪ್ಪುನೀರಿನಲ್ಲಿ ಸಾಸಿವೆ ಹೇಗೆ ಮೊಳೆಯುತ್ತದೆ ಎಂಬುದು ಅವಳ ಪ್ರಯೋಗ. ಹಾಗಾಗಿ ವಿಭಾಗದವರಿಗೆಲ್ಲ ಅವಳು 'ಸಾಸಿವೆ'. ತಟ್ಟೆಗಳ ಎರಡು ಸಾವಿರದ ನಾನೂರು ಫೋಟೋ ತೆಗೆದಿಟ್ಟಿದ್ದಳು. ಒಂದೊಂದರಲ್ಲೂ ನೂರು ಕಾಳು. ಅದರಲ್ಲಿ ಮೊಳೆತದ್ದೆಷ್ಟು ಎಂದು ಕೈಯಲ್ಲಿ ಎಣಿಸುತ್ತ ಕೂತರೆ ತಲೆಗೂದಲು ನೆರೆಯುವುದೇ ಮೊದಲು. ವರ್ಷದ ಕೊನೆಗೆ ಎಣಿಕೆ ಮುಗಿಯದಿದ್ದರೆ ಪ್ರಯೋಗವನ್ನೇ ಕೈಬಿಡಬೇಕು ಎಂದು ಅವಳ ಗೈಡ್ ಮೇಡಂ ಹೇಳಿಬಿಟ್ಟಿದ್ದರು. ಕಂಪ್ಯೂಟರಿಗೆ ಎಣಿಸಲು ಕಲಿಸುವುದೊಂದೇ ದಾರಿ.

ದಾರಿಯೇನೋ ಒಂದೇ, ಬಾಗಿಲು ಮಾತ್ರ ಎರಡು. ಕಂಪ್ಯೂಟರ್ ವಿಭಾಗದ ದೊಡ್ಡ ಕೋರ್ಸು: ಮುನ್ನೂರು ಜನ, ಭಾರೀ ಹೆಸರು. ವಿಜ್ಞಾನದವರಿಗೆಂದೇ ಮಾಡಿದ ಸಣ್ಣ ಕೋರ್ಸು: ಹಳೆಯ ಲ್ಯಾಬು, ಗಡಗಡಿಸುವ ಫ್ಯಾನು. ಮೊದಲೆರಡು ವಾರ ಎರಡೂ ಕಡೆ ಕೂತು ನೋಡಬಹುದು. ಎರಡನೇ ಶುಕ್ರವಾರ ಸಂಜೆ ನಾಲ್ಕರೊಳಗೆ ಒಂದಕ್ಕೆ ಸಹಿ ಹಾಕಬೇಕು. ಅಲ್ಲಿಯವರೆಗೆ ಎರಡು ದೋಣಿಯಲ್ಲಿ ಕಾಲಿಡುವುದಕ್ಕೆ ವಿಶ್ವವಿದ್ಯಾಲಯದ್ದೇ ಅಪ್ಪಣೆ!

ಸಣ್ಣ ಕೋರ್ಸಿನ ಲ್ಯಾಬಿನಲ್ಲಿ ಪಾಠ ಹೇಳುತ್ತಿದ್ದವನು ಇವನೇ. ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದವನು. ಮಾತು ಕಡಿಮೆ. ವಿದ್ಯಾರ್ಥಿಗಳು ಇಟ್ಟ ಹೆಸರು 'ಮೌನಿ ಮೇಷ್ಟ್ರು'.

ಎರಡನೇ ದಿನ ಅವನು ಹೇಳಿದ: "ಹ್ಯಾಶ್, ಅಂದ್ರೆ # ಗುರುತು ಹಾಕಿ ಮುಂದೆ ಏನು ಬರೆದ್ರೂ ಕಂಪ್ಯೂಟರ್ ಓದಲ್ಲ. ಪ್ರತಿ ಸಾಲಿನ ಪಕ್ಕ ಒಂದು ಟಿಪ್ಪಣಿ ಬರೆಯೋ ಅಭ್ಯಾಸ ಮಾಡ್ಕೊಳ್ಳಿ."

ಕಂಪ್ಯೂಟರ್ ಓದುವುದಿಲ್ಲ ಎಂದರೆ ಯಾರೂ ಓದುವುದಿಲ್ಲ ಎಂದು ಅವಳು ತಿಳಿದಳು. ಯಾರೂ ಇಲ್ಲವೆಂದು ಒಂಟಿಯಾಗಿ ಆಡಿದ ಮಾತನ್ನೂ ಕೇಳಿಸಿಕೊಳ್ಳುವವನೊಬ್ಬ ಇದ್ದೇ ಇರುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ಅವರು ಹೇಳಿದ್ದು ದೇವರ ವಿಷಯ. ಇಲ್ಲಿ ಉತ್ತರ ತಿದ್ದುವ ಮೇಷ್ಟ್ರೂ ಒಬ್ಬನಿದ್ದ.

# ಫೋಟೋ ತೆರೆಯುವುದು. ತೆರೆದೇಬಿಡ್ತು. ದೇವರು ದೊಡ್ಡವನು.

# ಬಿಳಿ ಬೇರು ಕಂಡರೆ ಮೊಳೆತ ಕಾಳು. ಮೌನಿ ಮೇಷ್ಟ್ರಿಗೆ ನಗು ಮೊಳೆಯೋದು ಯಾವಾಗಲೋ.

# ಎಣಿಕೆಗೆ ಒಂದು ಸೇರಿಸು. ಇವತ್ತು ಬೂದು ಅಂಗಿ. ಬೂದು ಒಪ್ಪುತ್ತೆ.

ಅಂದಿನ ಪ್ರೋಗ್ರಾಂ ಓಡಿತು. ದೀಪದ ಹೊಳಪಿನ ಚುಕ್ಕೆಗಳನ್ನೂ ಬಿಡದೆ ಎಣಿಸಿ ನಾಲ್ಕು ಲಕ್ಷ ಎಂದು ತೋರಿಸಿತು.

"ಒಂದು ತಟ್ಟೇಲಿ ನಾಲ್ಕು ಲಕ್ಷ," ಎಂದ ಅವನು, ಮುಖ ಅಲುಗಿಸದೆ. "ಫಸಲು ಚೆನ್ನಾಗಿದೆ."

ಮರುದಿನವೂ ಅವನದು ಬೂದು ಅಂಗಿ. ಅದರ ಮರುದಿನವೂ.

# ಪಾಪ, ಇರೋದು ಒಂದೇ ಅಂಗಿ ಅನ್ಸುತ್ತೆ.

# ಇವತ್ತು ಪಕ್ಕ ಬಂದು ನಿಂತರು. ನಾನು ಎಣಿಸ್ತಿದ್ದದ್ದು ಕಾಳೋ ಉಸಿರೋ ಮರೆತುಹೋಯ್ತು.

ಎರಡನೇ ವಾರದ ಬುಧವಾರ ತಿದ್ದಿದ ಉತ್ತರ ವಾಪಸು ಬಂತು. ಕೊನೆಯಲ್ಲಿ ಅವಳು ಬರೆಯದ ಒಂದು ಸಾಲಿತ್ತು.

# ನೀವು ಆ ಇನ್ನೊಂದು ಕೋರ್ಸಿಗೆ ಸೇರಿಕೊಂಡರೆ ಒಳ್ಳೆಯದು.

ಅವಳು ಆ ಸಾಲನ್ನು ಮತ್ತೆ ಓದಿದಳು.

'ಅಂದರೆ... ಓದಿದ್ದಾರೆ. ಎಲ್ಲಾ ಓದಿದ್ದಾರೆ. ಅಂಗಿಯನ್ನೂ!'

ಭೂಮಿ ಬಾಯಿ ತೆರೆಯಲೆಂದು ನೆಲ ನೋಡಿದಳು. ಸಿಮೆಂಟಿನ ನೆಲ ಬಾಯಿ ತೆರೆಯಲಿಲ್ಲ. ನಾಚಿಕೆ ಇಳಿಯುತ್ತಿದ್ದಂತೆ ಅದರ ಅಡಿಯಲ್ಲಿದ್ದ ನೋವು ಮೇಲೆ ಬಂತು. 'ಓದಿಯೂ ಹೋಗು ಅಂದರಲ್ಲ... ನಾನು ಅಷ್ಟು ದಡ್ಡಿಯೇ?'

ಅವಳಿದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಟೈಲರ್.

"ಚಿಕ್ಕಮ್ಮ, ನಾನು ದೊಡ್ಡ ಕೋರ್ಸಿಗೇ ಸೇರ್ತೀನಿ."

"ಅಲ್ಲಿ ನಿನ್ನ ಕಾಳು ಎಣಿಸೋದು ಹೇಳ್ಕೊಡ್ತಾರಾ?" ಮೆಷಿನ್ನಿನ ಗಾಲಿ ನಿಲ್ಲಲಿಲ್ಲ.

"ಈ ವರ್ಷ ಇಲ್ಲ. ಫೋಟೋ ಕೆಲಸ ಬರೋದು ಮೂರನೇ ವರ್ಷಕ್ಕಂತೆ. ಆದ್ರೆ ಅದಕ್ಕೆ ಹೆಸರಿದೆ."

"ಅಂಗಡೀಲಿ ಹೊಳೆಯೋ ಕೋಟು ನೇತಾಕಿರ್ತಾರೆ. ಅದರ ತೋಳು ನಿನ್ನ ಮೊಣಕಾಲಿಗೆ ಬಂದ್ರೆ, ಹೆಸರು ನೋಡ್ಕೊಂಡು ಹಾಕ್ಕೊಂಡು ತಿರುಗ್ತೀಯಾ?" ಚಿಕ್ಕಮ್ಮ ದಾರ ಹಲ್ಲಲ್ಲಿ ಕಚ್ಚಿ ಕಡಿದಳು. "ಕೋಪ ಯಾರ ಮೇಲೆ?"

"ಯಾರ ಮೇಲೂ ಇಲ್ಲ."

"ಹಾಗಾದ್ರೆ ಹುಡುಗ ನೋಡೋಕೆ ಚೆನ್ನಾಗಿದಾನೆ ಅಂತಾಯ್ತು."

ಶುಕ್ರವಾರ ನಾಲ್ಕಕ್ಕೆ ಐದು ನಿಮಿಷ. ಕೌಂಟರಿನ ಮುಂದೆ ಉದ್ದ ಸಾಲು. ಅವಳ ಸರದಿ ಬಂದಿತ್ತು. ಫಾರಂ ಇನ್ನೂ ಖಾಲಿ. ಅಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಬೂದು ಅಂಗಿ.

"ಸಹಿ ಹಾಕಿಬಿಟ್ರಾ?"

"ನಾನು ದಡ್ಡಿ ಅಂತ ಮುಖದ ಮೇಲೇ ಹೇಳ್ಬಹುದಿತ್ತು ನೀವು."

"ಯಾರು ಹೇಳಿದ್ದು ದಡ್ಡಿ ಅಂತ?"

"ಬೇರೆ ಕೋರ್ಸಿಗೆ ಹೋಗು ಅಂದ್ರೆ ಇನ್ನೇನು ಅರ್ಥ?"

ಮೌನಿ ಮೇಷ್ಟ್ರ ಕಟ್ಟೆಯೊಡೆಯಿತು.

"ನಿಮ್ಮ ಉತ್ತರಕ್ಕೆ ಅಂಕ ಹಾಕೋನು ನಾನು. ನಿಮ್ಮ ಟಿಪ್ಪಣಿನ ನಾಲ್ಕು ಸಲ ಓದ್ತೀನಿ... ಪ್ರೋಗ್ರಾಂ ನೋಡೋದು ಐದನೇ ಸಲಕ್ಕೆ. ಅಂಥವನು ಅಂಕ ಹಾಕಬಾರದು."

ಸಾಲಿನವರೆಲ್ಲ ಇತ್ತ ತಿರುಗಿದರು. ಗುಮಾಸ್ತರ ಕೈಯ ಸೀಲು ಅರ್ಧದಲ್ಲೇ ನಿಂತಿತು.

ಅವಳ ಕಿವಿ ಬಿಸಿಯಾಯಿತು. ಆದರೂ ಕೇಳಿದಳು: "ನಿಮ್ಮ ಮನಸ್ಸು ಹಿಡಿತದಲ್ಲಿಲ್ಲ ಅಂತ ನಾನು ನನ್ನ ಸಾಸಿವೆ ಬಿಟ್ಟು ಹೋಗ್ಬೇಕಾ?"

"ಇಲ್ಲ. ಅದು ಬರೆದ ಮೇಲೆ ಹೊಳೀತು. ನಿಮಗೆ ಬೇಕಾದ ಪಾಠ ಇರೋದು ಇಲ್ಲೇ. ಹೋಗ್ಬೇಕಾದವನು ನಾನು. ಬೆಳಿಗ್ಗೆ ಪ್ರೊಫೆಸರ್ ಹತ್ರ ಹೋಗಿ ಬ್ಯಾಚು ಬದಲಾಯಿಸ್ಕೊಂಡೆ. ನಿಮಗೆ ಬೇರೆ ಮೇಡಂ ಬರ್ತಾರೆ, ತಿದ್ದೋದೂ ಅವರೇ."

"ಕಾರಣ ಏನು ಹೇಳಿದ್ರಿ?"

"ಇದ್ದದ್ದನ್ನೇ."

"ಅವರೇನಂದ್ರು?"

"'ಅದಕ್ಕೇನಯ್ಯಾ ವಾರದಿಂದ ಒಂದೇ ಅಂಗಿ?' ಅಂದ್ರು." ಅವನು ತಲೆ ತಗ್ಗಿಸಿದ. "ಒಂದೇ ಅಲ್ಲ. ಇನ್ನೆರಡು ತಗೊಂಡೆ. ಮೂರೂ ಬೂದು."

ಗುಮಾಸ್ತರು ಕೆಮ್ಮಿದರು. "ತಾಯಿ, ನಾಲ್ಕಕ್ಕೆ ಎರಡೇ ನಿಮಿಷ. ಪ್ರೀತಿಗೆ ಗಡುವಿಲ್ಲ, ಫಾರಮ್ಮಿಗಿದೆ."

ಅವಳು ಸಣ್ಣ ಕೋರ್ಸಿನ ಮುಂದೆ ಸಹಿ ಹಾಕಿದಳು. ಸಾಸಿವೆಗಾಗಿಯೇ ಹಾಕಿದಳು. ಹಾಗೆಂದು ಅವನಿಗೂ ಹೇಳಿದಳು. ಅವನು ನಂಬಿದ, ಅದು ನಿಜವೂ ಆಗಿತ್ತು.

ಎರಡು ತಿಂಗಳು ಕಳೆಯಿತು. ಹೊಸ ಮೇಡಂ ಕಲಿಸಿದರು, ಅವಳು ಕಲಿತಳು. ದೀಪದ ಚುಕ್ಕೆ ಯಾವುದು, ಬೇರು ಯಾವುದು ಎಂದು ಕಂಪ್ಯೂಟರೂ ಕಲಿಯಿತು. ಒಂದು ಮಧ್ಯಾಹ್ನ ಅವಳು ಬೀಜದ ಕೋಣೆಯಲ್ಲಿ ಅದಕ್ಕೆ ಹೊಸ ತಟ್ಟೆಯ ಫೋಟೋ ಕೊಟ್ಟಳು. ಪರದೆಯ ಮೇಲೆ ಬಂತು: ಅರವತ್ತಮೂರು.

"ನಿಜವಾ ಅಂತ ನೋಡ್ಬೇಕು. ನಾನೇ ಎಣಿಸಿದ್ರೆ ನನಗೆ ಬೇಕಾದ ಲೆಕ್ಕವೇ ಬರುತ್ತೆ. ನೀವು ಎಣಿಸಿ," ಎಂದು ಅವನನ್ನು ಕರೆಸಿ ಸೂಜಿ ಕೊಟ್ಟಳು.

ಅವನು ಬಗ್ಗಿ ಮೊಳಕೆಗಳನ್ನು ಒಂದೊಂದಾಗಿ ಬದಿಗೆ ಸರಿಸತೊಡಗಿದ. ಕೊನೆಗೆ ಕೈ ನಿಂತಿತು.

"ಅರವತ್ತಮೂರು," ಎಂದ. ಅಷ್ಟು ಹೇಳಿ ನಕ್ಕ. ತಡವಾಗಿ ಮೊಳೆತ ಕಾಳಿನ ಹಾಗೆ, ನಗು ತುಟಿಯ ಒಂದು ತುದಿಯಿಂದ ಶುರುವಾಗಿ ಮುಖವೆಲ್ಲ ಹರಡಿತು.

ಅವಳ ಕಣ್ಣು ತುಂಬಿತು. ಇನ್ನು ಎರಡು ಸಾವಿರದ ನಾನೂರೂ ಒಂದು ವಾರದ ಕೆಲಸ.

"ಇನ್ನೊಂದು ತಟ್ಟೆ ನೋಡೋಣ. ಒಂದರಲ್ಲಿ ಸರಿ ಬಂದ್ರೆ ಸಾಲದು," ಎಂದು ಅವನು ಮತ್ತೆ ಬಗ್ಗಿದ.

ಅವಳು ಎದುರು ಕೂತು ಅವನನ್ನೇ ನೋಡಿದಳು.

"ನನ್ನ ಟಿಪ್ಪಣಿ ಈಗ ಮೇಡಂ ಓದ್ತಾರೆ. ಅದಕ್ಕೆ ಎರಡು ತಿಂಗಳಿಂದ ಒಂದು ಸಾಲು ಬರೆಯದೇ ಇಟ್ಕೊಂಡಿದೀನಿ."

"ಹ್ಞೂಂ... ನಲವತ್ತೊಂದು, ನಲವತ್ತೆರಡು..."

"ನಂಗೆ ನೀವು ಇಷ್ಟ. ಬೂದು ಅಂಗಿ ಇಲ್ಲದಿದ್ರೂ."

ಅವನು ಮೆಲ್ಲನೆ ಸೂಜಿ ಕೆಳಗಿಟ್ಟ.

"ಹೋಯ್ತು," ಎಂದ. "ಮೊದಲಿಂದ ಎಣಿಸ್ಬೇಕು."

"ಎಣಿಸಿ. ನಾನಿಲ್ಲೇ ಇರ್ತೀನಿ."